ಹೊಟ್ಟೆ ಕೆಟ್ಟದ್ದು ಮೀನಿನಿಂದಲಾ, ಐಸಿನಿಂದಲಾ? ಪರೀಕ್ಷೆ ಮಾಡದೆ ಹೇಳುವುದು ಹೇಗೆ?

ಕುಂದಾಪುರ: ಮೆಹೆಂದಿ ಊಟವೋ ಹೋಟೆಲ್ ಊಟವೋ, ನಾಲ್ಕು ಜನರಿಗೆ ವಾಂತಿ-ಭೇದಿ ಆಯ್ತು ಅಂದ್ರೆ ನಮ್ಮಲ್ಲಿ ತೀರ್ಪು ಕೂಡಲೇ ರೆಡಿ. 'ಕೋಳಿ ಹಳತು', 'ಮೀನು ಸರಿ ಇರ್ಲಿಲ್ಲ'. ವಾಟ್ಸಾಪ್‌ನಲ್ಲಿ ಅಂಗಡಿ ಹೆಸರು ಓಡುತ್ತದೆ, ಮರುದಿನ ವ್ಯಾಪಾರ ಬೀಳುತ್ತದೆ. ಕಾಯಿಲೆ ತಂದ ರೋಗಾಣು ಯಾವುದು ಅಂತ ಕೇಳುವವರೇ ಇಲ್ಲ.

ಮಂಗಳೂರಿನಲ್ಲಿ ಒಮ್ಮೆ ಕೇಳಿದ್ದರು. ಹಾಸ್ಟೆಲ್ಲೊಂದರಲ್ಲಿ ಮೀನೂಟ ಮಾಡಿದ 34 ವಿದ್ಯಾರ್ಥಿಗಳಿಗೆ ಹೊಟ್ಟೆನೋವು, ಭೇದಿ ಶುರುವಾದಾಗ ಮಲದ ಮಾದರಿ ಲ್ಯಾಬಿಗೆ ಹೋಯಿತು. ಸಿಕ್ಕಿದ್ದು ಸಾಲ್ಮೊನೆಲ್ಲಾ ವೆಲ್ಟೆವ್ರೆಡೆನ್. ವೈದ್ಯರ ವರದಿ 2009ರಲ್ಲಿ ಪ್ರಕಟವಾಗಿದೆ.

ಬಾಯಿಗೆ ಬಾರದ ಈ ಹೆಸರು ಇಂಡೋನೇಷ್ಯಾದ ಊರೊಂದರದ್ದು. ಸಾಲ್ಮೊನೆಲ್ಲಾದಲ್ಲಿ 2,500ಕ್ಕೂ ಹೆಚ್ಚು ಬಗೆಗಳಿವೆ. ಟೈಫಾಯ್ಡ್ ತರುವ ಬಗೆ ಮನುಷ್ಯರಿಂದಲೇ ಹರಡುತ್ತದೆ. ಇನ್ನು ಕೆಲವು ಕೋಳಿ, ಮೊಟ್ಟೆಯಿಂದ ಬರುತ್ತವೆ. ವೆಲ್ಟೆವ್ರೆಡೆನ್ ನಮ್ಮ ಮೀನು, ಸಿಗಡಿಗಳಲ್ಲಿ ಮತ್ತೆ ಮತ್ತೆ ಕಂಡದ್ದು. ಅಂದರೆ ಬಗೆಯ ಹೆಸರು ಸಿಕ್ಕಿದರೆ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ಒಂದು ದಾರಿ ಸಿಕ್ಕಿದ ಹಾಗೆ.

ಹಾಗಂತ ಮೀನು ಮಾರುವವರ ಮೇಲೆ ಬೀಳುವುದೂ ಸರಿಯಲ್ಲ ಮಾರ್ರೆ. ಸಾಲ್ಮೊನೆಲ್ಲಾ ಕಡಲಿನ ರೋಗಾಣುವೇ ಅಲ್ಲ. ಮಲ ಸೇರಿದ ನೀರು, ಆ ನೀರಿನ ಐಸು, ತೊಳೆಯದ ಬುಟ್ಟಿ, ಕೈ, ಇವುಗಳಿಂದ ಅದು ಮೀನಿಗೆ ಹತ್ತುತ್ತದೆ. ಗಂಗೊಳ್ಳಿಯಿಂದಲೋ ಮಲ್ಪೆಯಿಂದಲೋ ಹೊರಟ ಮೀನು ಬೈಂದೂರು, ಬ್ರಹ್ಮಾವರದ ಅಂಗಡಿ ಮುಟ್ಟುವಾಗ ಎಷ್ಟು ಕೈ ದಾಟಿರುತ್ತದೆ, ಲೆಕ್ಕ ಹಾಕಿ. ಚೆನ್ನಾಗಿ ಕುದಿದ ಗಸಿಯಲ್ಲಿ ರೋಗಾಣು ಉಳಿಯುವುದಿಲ್ಲ. ಮೀನು ಕೊಯ್ದ ಕತ್ತಿಯಲ್ಲೇ ನೀರುಳ್ಳಿ ಕೊಯ್ದು ಹಸಿಯಾಗಿ ಬಡಿಸಿದರೆ ಅಪಾಯ.

2022ರ ಮೇಯಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ರೋಗಿಗಳಲ್ಲಿ ಸಿಕ್ಕಿದ್ದು ಶಿಗೆಲ್ಲಾ. ಶವರ್ಮದಲ್ಲಿ ಶಿಗೆಲ್ಲಾ, ಸಾಲ್ಮೊನೆಲ್ಲಾ ಎರಡೂ ಇದ್ದವು. ಕಾಳುಮೆಣಸಿನ ಪುಡಿಯಲ್ಲೂ ಸಾಲ್ಮೊನೆಲ್ಲಾ! ಪರೀಕ್ಷೆ ಮಾಡದೇ ಇದ್ದಿದ್ದರೆ ಮೆಣಸಿನ ಪುಡಿ ಮೇಲೆ ಯಾರಿಗೆ ಸಂಶಯ ಬರುತ್ತಿತ್ತು?

ನಮ್ಮಲ್ಲಿ ಭೇದಿ ಆದರೆ ಮೊದಲು ಹೋಗುವುದು ಮೆಡಿಕಲ್ಲಿಗೆ. ಆಂಟಿಬಯಾಟಿಕ್ ಒಂದೆರಡು ಡೋಸ್ ನುಂಗಿದ ಮೇಲೆ ಮಲ ಪರೀಕ್ಷೆ ಮಾಡಿದರೆ ರೋಗಾಣು ಸಿಗದೇ ಹೋಗಬಹುದು. ವಿಡಾಲ್ ರಕ್ತಪರೀಕ್ಷೆ ಟೈಫಾಯ್ಡಿಗೆ ಮಾಡುವಂಥದ್ದು, ವೆಲ್ಟೆವ್ರೆಡೆನ್ ಹೆಸರು ಅದರಲ್ಲಿ ಬರುವುದಿಲ್ಲ. ಬೇಕಾದದ್ದು ಮಲದ ಕಲ್ಚರ್, ಅದಕ್ಕೆ ಎರಡು-ಮೂರು ದಿನ ಹಿಡಿಯುತ್ತದೆ. ಮಕ್ಕಳಿಗೆ, ಪ್ರಾಯದವರಿಗೆ ಆದರೆ, ಜ್ವರವೋ ಮಲದಲ್ಲಿ ರಕ್ತವೋ ಕಂಡರೆ, ಮನೆಯಲ್ಲಿ ಕಾಯದೆ ಸೀದಾ ಆಸ್ಪತ್ರೆಗೆ ಹೋಗಿ.

ಅಡುಗೆ ಕಂಟ್ರಾಕ್ಟ್ ಹಿಡಿಯುವವರು ಪ್ರತಿ ಪದಾರ್ಥದಿಂದ ಒಂದೊಂದು ಶುದ್ಧ ಡಬ್ಬಿ ಎರಡು ದಿನ ಫ್ರಿಜ್‌ನಲ್ಲಿ ಇಟ್ಟರೆ ಒಳ್ಳೆಯದು. ದೂರು ಬಂದ ದಿನ ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಲಿಕ್ಕೆ ಏನಾದರೂ ಇರುತ್ತದೆ.