ಲಾಠಿ ಬೀಸಿದರೆ ತನಿಖೆಯೇ?

ಸವಣೂರಿನ ಚಹಾದಂಗಡಿಗಳಲ್ಲಿ ಕಳವಿನ ಸುದ್ದಿ ಬಂದರೆ ಸಾಕು, 'ನಾಕ್ ಏಟು ಬಿದ್ರ ತಾನೇ ಬಾಯಿ ಬಿಡ್ತಾನ' ಎಂಬ ಮಾತು ಹೊರಡುತ್ತದೆ. ಈ ನಂಬಿಕೆಯನ್ನು ಬೆಳೆಸಿದ್ದರಲ್ಲಿ ಸಿನೆಮಾದ ಪಾಲು ದೊಡ್ಡದು. 1988ರಲ್ಲಿ ಶಂಕರ್‌ನಾಗ್ 'ಎಸ್.ಪಿ. ಸಾಂಗ್ಲಿಯಾನ'ನಾದ ಮೇಲೆ ಖಾಕಿಯ ನಾಯಕನಿಗೆ ಕನ್ನಡ ತೆರೆಯಲ್ಲಿ ಬೇಡಿಕೆ ತಗ್ಗಿಲ್ಲ. ಈಚಿನ ಎಷ್ಟೋ ಚಿತ್ರಗಳಲ್ಲಿ ಆತ ಆರೋಪಿಯನ್ನು ತೂಗುಹಾಕಿ ಬಡಿಯುತ್ತಾನೆ; ಮರುಕ್ಷಣ ಸತ್ಯ ಹೊರಬೀಳುತ್ತದೆ. ಇದಕ್ಕೆ 'ವಾಸ್ತವ' ಎಂಬ ಹೆಸರು ಬೇರೆ!

ವಾಸ್ತವವೇನು? ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನೂ ಅದನ್ನು ಉಳಿಸಿಕೊಂಡಿದೆ. ಆ ಮಾತಿನಿಂದ ಏನಾದರೂ ಪತ್ತೆಯಾದರೆ ಅಷ್ಟು ಭಾಗಕ್ಕೆ ಮಾತ್ರ ಬೆಲೆ. ಕರ್ನಾಟಕದ್ದೇ ಆದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆಯನ್ನೂ ಸುಪ್ರೀಂ ಕೋರ್ಟ್ 2010ರಲ್ಲಿ ತಳ್ಳಿಹಾಕಿತು.

ನಿಜವಾದ ತನಿಖೆಯೆಂದರೆ ಪಂಚನಾಮೆ, ಬೆರಳಚ್ಚು, ಫೋನ್ ಕರೆಗಳ ವಿವರ, ಸಾಕ್ಷಿಗಳ ಮನೆಬಾಗಿಲಿಗೆ ಅಲೆದಾಟ. ಅದನ್ನು ಬರೆಯಲು ಶ್ರಮ ಬೇಕು; ಲಾಠಿ ಬೀಸಿಸಲು ಬೇಕಿಲ್ಲ.

ಚಪ್ಪಾಳೆ ಚಿತ್ರಮಂದಿರದಲ್ಲೇ ನಿಲ್ಲುವುದಿಲ್ಲ. ಸಂಶಯದ ಮೇಲೆ ಠಾಣೆ ಸೇರಿದ ಕೂಲಿಯವನ ಮಗನಿಗೆ ಏಟು ಬಿದ್ದಾಗ ಊರು ಸುಮ್ಮನಿರುತ್ತದೆ. ಏಟಿಗೆ ಹೆದರಿ ಅವನು ಒಪ್ಪಿಕೊಂಡರೆ, ನಿಜವಾದ ಕಳ್ಳ ಊರಲ್ಲೇ ಓಡಾಡಿಕೊಂಡಿರುತ್ತಾನೆ. ಇಂಥ ಕಥೆ ಬರೆಯುವವರನ್ನು ನಾವು ಕೇಳುತ್ತೇವೆ: ನಿಮ್ಮ ನಾಯಕ ಹಿಡಿದದ್ದು ಯಾರನ್ನು?