ಹುಲಿ ಕಾಣಲಿಲ್ಲವೆಂಬ ದೂರು

ಸಫಾರಿ ಎಂದೊಡನೆ ನಮ್ಮಂಥ ಗುಮಾಸ್ತರಿಗೆ ನೆನಪಾಗುವುದು ಒಂದು ಕಾಲದಲ್ಲಿ ಮೇಲಧಿಕಾರಿಗಳು ತೊಡುತ್ತಿದ್ದ ಸೂಟು. ಮಕ್ಕಳಿಗೆ ಹಾಗಲ್ಲ, ಅವರಿಗೆ ಅದು ಜೀಪು, ಹುಲಿ, ಫೋಟೋ. ಶಬ್ದವೇನೋ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯದು, ಪ್ರಯಾಣವೆಂದು ಅರ್ಥ. ಅದರ ಮೂಲ ಅರಬ್ಬಿಯ ‘ಸಫರ್’. ಆ ಸಫರ್ ಮರಾಠಿಯಲ್ಲಿಯೂ ಉಂಟಾದ್ದರಿಂದ ಪುಣೆಯ ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ.

ಬೇಸಗೆಯ ರಜೆಗೆ ಊರ ಕಡೆ ಹೋಗುವ ನಮ್ಮ ಸಂಸಾರಗಳಲ್ಲಿ ಕೆಲವು ಮೈಸೂರನ್ನು ನೋಡಿಕೊಂಡು ಬಂಡೀಪುರಕ್ಕೂ ಹೋಗಿಬರುತ್ತವೆ. ಬಂದ ಮೇಲೆ ಕೇಳಿದರೆ ಒಂದೇ ಮಾತು: “ಏನೂ ಕಾಣಲಿಲ್ಲರೀ, ಸುಮ್ಮನೆ ದುಡ್ಡು ದಂಡ.” ಸ್ವಲ್ಪ ಕೆದಕಿದರೆ ಜಿಂಕೆಯ ಹಿಂಡು ಕಂಡಿತ್ತು, ಕಾಟಿ ಕಂಡಿತ್ತು, ಮರಿಯೊಡನೆ ಆನೆಯೂ ದಾರಿಗೆ ಅಡ್ಡ ಬಂದಿತ್ತು! ಹುಲಿಯೊಂದು ಕಾಣದ್ದಕ್ಕೆ ಉಳಿದದ್ದೆಲ್ಲ ‘ಏನೂ ಇಲ್ಲ’ದ ಬಾಬಿಗೆ ಜಮೆಯಾಯಿತು.

ಇದಕ್ಕೆ ಟೆಲಿವಿಷನ್ನನ್ನೇ ದೂರಬೇಕು. ಅದರಲ್ಲಿ ನಾವು ನೋಡುವುದು ಟಾಂಜಾನಿಯ ದೇಶದ ಸೆರೆಂಗೆಟಿಯಂಥ ಬಯಲು. ಸುಮಾರು 14,700 ಚದರ ಕಿಲೋಮೀಟರಿನ ಆ ಉದ್ಯಾನದಲ್ಲಿ ಕಣ್ಣು ಹಾಯುವಷ್ಟು ದೂರ ಹುಲ್ಲು. ಹತ್ತು ಲಕ್ಷಕ್ಕೂ ಮಿಕ್ಕ ವಿಲ್ಡಬೀಸ್ಟ್‌ಗಳು ಮಳೆಯ ಬೆನ್ನುಹತ್ತಿ ವರ್ಷವೆಲ್ಲ ಅಲೆಯುತ್ತವೆ. ಸಿಂಹಗಳು ಸಂಸಾರಸಮೇತ ಬಯಲಲ್ಲೇ ಒರಗಿರುತ್ತವೆ. ನಮ್ಮ ಬಂಡೀಪುರ ಸುಮಾರು 870 ಚದರ ಕಿಲೋಮೀಟರು. ಬಯಲಲ್ಲ, ಮರಗಾಡು; ಮರದ ಕೆಳಗೆ ಎಲ್ಲೆಲ್ಲೂ ಲಂಟಾನದ ಪೊದೆ. ಹುಲಿಯೋ ಒಂಟಿ ಜೀವ. ಹತ್ತು ಮಾರು ದೂರದಲ್ಲಿದ್ದರೂ ತಾನು ನಮ್ಮನ್ನು ನೋಡುತ್ತದೆಯೇ ಹೊರತು ನಮಗೆ ಕಾಣಿಸಿಕೊಳ್ಳಬೇಕೆಂಬ ಹಂಗು ಅದಕ್ಕಿಲ್ಲ.

ಆದರೆ ಅದರ ಸುದ್ದಿ ಕಿವಿಗೆ ಬೀಳುತ್ತದೆ. ಮರದ ತುದಿಯಲ್ಲಿ ಕುಳಿತ ಮುಸುವ ಒಮ್ಮೆಲೆ ಕೆಮ್ಮಿದಂತೆ ಕೂಗುತ್ತದೆ. ಕೆಳಗೆ ಮೇಯುತ್ತಿದ್ದ ಜಿಂಕೆಗಳು ತಲೆಯೆತ್ತಿ, ಒಂದೇ ದಿಕ್ಕಿಗೆ ಮುಖಮಾಡಿ, ಮುಂಗಾಲು ನೆಲಕ್ಕೆ ಬಡಿದು ಕೂಗುತ್ತವೆ. ಕಡವೆಯೂ ದನಿಗೂಡಿಸಿತೆಂದರೆ ಚಾಲಕ ಎಂಜಿನ್ ಆರಿಸುತ್ತಾನೆ. ಆಗ ಜೀಪಿನಲ್ಲಿ ಯಾರೂ ಚಿಪ್ಸಿನ ಪೊಟ್ಟಣ ಬಿಚ್ಚದೆ ಐದು ನಿಮಿಷ ಕುಳಿತರೆ ಸಾಕು, ಟಿಕೇಟಿನ ಹಣ ಬಂದಂತೆಯೇ ಎಂದು ನಮ್ಮ ಅಭಿಪ್ರಾಯ.

ಇದು ಹಿಂದೆ ಮೈಸೂರು ಅರಸರ ಶಿಕಾರಿಯ ಕಾಡು. 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನಷ್ಟನ್ನು ವನ್ಯಪ್ರಾಣಿಗಳಿಗೆಂದು ಕಾಯ್ದಿಟ್ಟರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಹುಲಿ ಕಾಣಲೇಬೇಕೆಂದು ಹಟ ಹಿಡಿಯುವವರಿಗೆ ಇನ್ನೊಂದು ಸಂಗತಿಯೂ ತಿಳಿದಿರಲಿ. ಹುಲಿ ಬೇಡವೆಂದರೂ ಕಾಣುವ ಜನ ಅದೇ ಕಾಡಿನ ಅಂಚಿನಲ್ಲಿದ್ದಾರೆ. 2025ರ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮೈಸೂರು ಜಿಲ್ಲೆಯ ಸರಗೂರಿನ ಸುತ್ತಮುತ್ತ ಹೊಲಕ್ಕೆ ಹೋದ ರೈತರು ಹುಲಿಯ ಬಾಯಿಗೆ ಸಿಕ್ಕಿ ಸತ್ತರು. ನವೆಂಬರಿನಲ್ಲಿ ಸರಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚುವಂತೆ ಆಜ್ಞೆ ಮಾಡಿತು. ಆಗ ರಜೆಯ ಕಾರ್ಯಕ್ರಮ ಕೆಟ್ಟಿತೆಂದು ನಮ್ಮವರೇ ಕೆಲವರು ಗೊಣಗಿದರು. ರಾಗಿ ಕಾಯಲು ರಾತ್ರಿಯಿಡೀ ಅಟ್ಟಣೆಯ ಮೇಲೆ ಕೂರುವವನ ಮನೆಯಾಕೆ ಬೆಳಗಿನವರೆಗೂ ಬಾಗಿಲು ನೋಡುತ್ತಿರುತ್ತಾಳೆ. ಆಕೆಯೆದುರು ನಮ್ಮ ಗೊಣಗಾಟ ಶೋಭಿಸದು.

ಹೊರಡುವವರು ಸಫಾರಿ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿರಿ. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರಕ್ಕೆ 2009ರಲ್ಲಿ ತಡೆ ಬಿದ್ದಿದೆ. ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದೇ ಕಾರಣ. ಮೈಸೂರಿನಲ್ಲಿ ನೆಂಟರ ಮನೆಯ ಊಟ ಎಷ್ಟೇ ರುಚಿಯಾಗಿದ್ದರೂ ಹೊತ್ತಿರುವಾಗಲೇ ಗುಂಡ್ಲುಪೇಟೆ ದಾಟಿಬಿಡಿ. ದಾರಿಯ ಹೊಲಗಳಲ್ಲಿ ಅಟ್ಟಣೆ ಕಂಡರೆ ಮಕ್ಕಳಿಗೆ ತೋರಿಸಿರಿ.