ಪ್ರೀತಿಗೂ ಪುರುಸೊತ್ತು ಬೇಕು

ಬಂಗಾರಪೇಟೆಯ ನಮ್ಮ ಮನೆಯಲ್ಲಿ ರಾತ್ರಿ ಊಟದ ನಂತರ ವಾರ್ತೆ ನೋಡುವ ಪದ್ಧತಿ ನಿಂತು ಎರಡು ವರ್ಷವಾಯಿತು. ಆ ಹೊತ್ತನ್ನು ಈಗ ಕೊರಿಯಾದ ಪ್ರೇಮಕಥೆಗಳು ಆಕ್ರಮಿಸಿಕೊಂಡಿವೆ. ‘ತಾತ, ಒಂದು ಕಂತು ನೋಡಿ, ಆಮೇಲೆ ಬೈಯಿರಿ’ ಎಂದು ಮೊಮ್ಮಗಳು ಕೂರಿಸಿದಳು. ಬೈಯುವುದಕ್ಕೆಂದೇ ಕುಳಿತವನು ಹದಿನಾರು ಕಂತುಗಳನ್ನೂ ಮುಗಿಸಿದೆ.

ದೂರುಗಳಿಲ್ಲವೆಂದಲ್ಲ. ಸಿರಿವಂತರ ಮಗ, ಬಡವರ ಹುಡುಗಿ, ಅಡ್ಡಿಪಡಿಸುವ ತಾಯಿ, ಸರಿಯಾದ ಗಳಿಗೆಗೆ ಸುರಿಯುವ ಮಳೆ, ಅಪಘಾತ, ನೆನಪಿನ ನಾಶ ಇವೆಲ್ಲ ನಾವು ಎಪ್ಪತ್ತರ ದಶಕದಲ್ಲೇ ಕಂಡ ಸಾಮಗ್ರಿ. 2002ರ ‘ವಿಂಟರ್ ಸೊನಾಟಾ’ ಜಪಾನಿನ ಗೃಹಿಣಿಯರನ್ನು ಕಣ್ಣೀರಿನಲ್ಲಿ ಮುಳುಗಿಸಿದ್ದೂ ಇಂಥದ್ದರಿಂದಲೇ. ಆದರೆ ಈ ಕಥೆಗಳಲ್ಲಿ ನಮ್ಮಲ್ಲಿ ಅಪರೂಪವಾಗಿರುವ ಒಂದು ಗುಣವಿದೆ: ಪ್ರೀತಿಸುವವರಿಗೆ ಆತುರವಿಲ್ಲ. ಒಬ್ಬರಿಗೊಬ್ಬರು ಊಟ ಬಡಿಸುತ್ತಾರೆ, ಜೊತೆಯಾಗಿ ನಡೆಯುತ್ತಾರೆ, ಬಸ್ಸಿಗಾಗಿ ಕಾಯುತ್ತಾರೆ.

ನಾನು ನೋಡಿದ ಆ ಹದಿನಾರು ಕಂತುಗಳ ಕಥೆ 2019ರ ಕೊನೆಯಲ್ಲಿ ಆರಂಭವಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’. ದಕ್ಷಿಣ ಕೊರಿಯಾದ ಉದ್ಯಮಿ ಯುವತಿ ಗಾಳಿಗೆ ಸಿಕ್ಕಿ ಗಡಿಯಾಚೆ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ. ಅಲ್ಲಿನ ಸೇನಾಧಿಕಾರಿಯೊಬ್ಬ ಅವಳನ್ನು ತನ್ನ ಮನೆಯಲ್ಲಿ ಬಚ್ಚಿಟ್ಟು, ಅವಳಿಗಾಗಿ ಕಾಫಿ ಬೀಜ ಹುರಿದು ಪುಡಿಮಾಡುತ್ತಾನೆ. ಆ ದೃಶ್ಯ ಬಂದಾಗ ನನ್ನ ಪತ್ನಿ, ‘ನೀವು ಒಂದು ದಿನವಾದರೂ ನನಗೆ ಕಾಫಿ ಮಾಡಿಕೊಟ್ಟದ್ದುಂಟೆ?’ ಎಂದು ಕೇಳಿದಳು. ಕಚೇರಿ, ಕಡತ, ಬರಗಾಲ, ಚುನಾವಣೆ ಎಂಬ ಉತ್ತರ ಸಿದ್ಧವಿತ್ತು. ಹೇಳಲು ಬಾಯಿ ಬರಲಿಲ್ಲ. ಗಮನಿಸಬೇಕಾದ ಸಂಗತಿಯೊಂದಿದೆ. ಕೈತುಂಬ ಹಣವಿದ್ದ ಆ ಯುವತಿಗೆ ಸೋಲ್ ನಗರದಲ್ಲಿ ಸಿಗದ ಪುರುಸೊತ್ತು, ಪದೇಪದೇ ವಿದ್ಯುತ್ ಕೈಕೊಡುವ ಹಳ್ಳಿಯಲ್ಲಿ ಸಿಗುತ್ತದೆ. ಕಥೆಗಾರರು ಅವಳನ್ನು ಗಡಿ ದಾಟಿಸಬೇಕಾಗಿ ಬಂದದ್ದು ಅದಕ್ಕಾಗಿಯೇ ಇರಬೇಕು ಎಂದು ನನಗೆ ತೋರಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಯಾವುದು ವಿರಳವೋ ಅದಕ್ಕೆ ಬೆಲೆ ಹೆಚ್ಚು. 2023ರಲ್ಲಿ ದಕ್ಷಿಣ ಕೊರಿಯಾದ ಜನನ ಪ್ರಮಾಣ ಒಬ್ಬ ಮಹಿಳೆಗೆ ಸರಾಸರಿ 0.72 ಮಗುವಿಗೆ ಇಳಿಯಿತು. ಮನೆಗಳ ಬೆಲೆ, ಮಕ್ಕಳ ಟ್ಯೂಷನ್ ಖರ್ಚು, ದೀರ್ಘ ದುಡಿಮೆ ಎಲ್ಲವೂ ಅದರ ಹಿಂದಿವೆ. ವಾರದ ದುಡಿಮೆಯ ಮಿತಿಯನ್ನು 68 ಗಂಟೆಯಿಂದ 52ಕ್ಕೆ ಇಳಿಸುವ ಕಾನೂನು ಅಲ್ಲಿ ಬಂದದ್ದು 2018ರಲ್ಲಿ. 2023ರಲ್ಲಿ ಅದನ್ನು 69ಕ್ಕೆ ಏರಿಸುವ ಪ್ರಸ್ತಾವ ಬಂದಾಗ ಯುವ ನೌಕರರು ಪ್ರತಿಭಟಿಸಿದರು. ಸರ್ಕಾರ ಹಿಂದೆ ಸರಿಯಿತು. ಜಗತ್ತಿಗೆ ಪ್ರೇಮಕಥೆಗಳನ್ನು ಮಾರುವ ದೇಶದ ತರುಣ ತರುಣಿಯರಿಗೆ ಪ್ರೀತಿಸಲು ಸಮಯವಿಲ್ಲ.

ನಮ್ಮ ಸೀಮೆಯ ಕಥೆ ಬೇರೆಯೇ? 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿತ್ತು. ಮೂರು ಕಿಲೊಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದು ದುಡಿದವರ ಮಕ್ಕಳು ಬೆಂಗಳೂರಿನ ರೈಲು ಹತ್ತಿದರು. ಮಾರಿಕುಪ್ಪಂ ಬಿಟ್ಟು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುವ ನಸುಕಿನ ರೈಲಿನಲ್ಲಿ ಅವರನ್ನು ಇಂದಿಗೂ ಕಾಣಬಹುದು. ಹೋಗಿಬರುವುದಕ್ಕೇ ದಿನದ ನಾಲ್ಕು ಗಂಟೆ ಕಳೆಯುತ್ತದೆ. ಗಂಡ ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ, ಹಿಂದಿರುಗುವಾಗ ಮಲಗಿರುತ್ತವೆ. ಇತ್ತೀಚೆಗೆ ಆ ರೈಲಿನಲ್ಲಿ ನನ್ನ ಪಕ್ಕ ಕುಳಿತಿದ್ದ ಯುವತಿ ತೂಕಡಿಸುತ್ತಲೇ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಯನ್ನು ತಮಿಳಿನಲ್ಲಿ ನೋಡುತ್ತಿದ್ದಳು. ‘ಸರ್, ಮನೆಯಲ್ಲಿ ನೋಡೋಕೆ ಎಲ್ಲಿ ಟೈಮು?’ ಎಂದಳು.

‘ಕೆ.ಜಿ.ಎಫ್.’ ಹೆಸರಿನ ಚಿತ್ರಗಳು 2018 ಮತ್ತು 2022ರಲ್ಲಿ ದೇಶವನ್ನೇ ಸುತ್ತಿದವು. ಅವುಗಳ ಯಶಸ್ಸಿಗೆ ನನ್ನ ಆಕ್ಷೇಪವಿಲ್ಲ. ಆದರೆ ಅಲ್ಲಿನ ಬಂದೂಕು, ಬಂಗಾರಗಳ ನಡುವೆ ಗಣಿಯ ಲೈನು ಮನೆಯ ಗಂಡಹೆಂಡಿರು ನನಗೆ ಕಾಣಲಿಲ್ಲ. ಅವರನ್ನು ಹೋಲುವವರು ಕಂಡದ್ದು ಕೊರಿಯಾದ ಚಿತ್ರದಲ್ಲಿ. 2014ರ ‘ಓಡ್ ಟು ಮೈ ಫಾದರ್’ನ ನಾಯಕ ತಮ್ಮನ ಓದಿಗೆ ಹಣ ಹೊಂದಿಸಲು ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗೆ ಹೋಗುತ್ತಾನೆ. ಅಲ್ಲಿ ತನ್ನ ದೇಶದ ದಾದಿಯೊಬ್ಬಳನ್ನು ಪ್ರೀತಿಸುತ್ತಾನೆ, ಮುಂದೆ ಅವಳನ್ನೇ ಮದುವೆಯಾಗುತ್ತಾನೆ. ಇದು ಬರಿಯ ಕಲ್ಪನೆಯಲ್ಲ. 1963ರಿಂದ 1977ರವರೆಗೆ ಸುಮಾರು 8 ಸಾವಿರ ಕೊರಿಯನ್ ಗಣಿಗಾರರೂ 10 ಸಾವಿರಕ್ಕೂ ಹೆಚ್ಚು ದಾದಿಯರೂ ಹಾಗೆ ಹೋಗಿದ್ದರು. ಹಿಂದಿಯ ‘ಭಾರತ್’ 2019ರಲ್ಲಿ ಇದೇ ಚಿತ್ರವನ್ನು ಆಧರಿಸಿ ಬಂದಿತು. ಗಣಿ ಕುಸಿದಾಗ ಮೇಲೆ ನಿಂತು ಕಾಯುವ ಆ ದಾದಿಯ ಮುಖವನ್ನು ಚಾಂಪಿಯನ್ ರೀಫಿನ ಯಾವ ಹಿರಿಯ ಹೆಂಗಸೂ ಗುರುತಿಸಬಲ್ಲಳು.

ಕೊರಿಯಾ ಬೆಳೆದದ್ದೇ ಆ ತಲೆಮಾರಿನ ಬೆವರಿನಿಂದ, ನಾವೂ ಹಾಗೆ ದುಡಿಯಬೇಡವೆ ಎಂದು ಕೇಳುವವರಿದ್ದಾರೆ. ದುಡಿಯಬೇಕು, ನಿಜ. ಆದರೆ ಆ ಬೆಳವಣಿಗೆಯ ಲೆಕ್ಕದ ಇನ್ನೊಂದು ಪುಟ ಇಂದು ಅವರ ಖಾಲಿ ತೊಟ್ಟಿಲುಗಳಲ್ಲಿದೆ. 2023ರಲ್ಲಿ ನಮ್ಮ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ ಮಿತಿಯನ್ನು 48 ಗಂಟೆಯಲ್ಲೇ ಉಳಿಸಿ, ದಿನಕ್ಕೆ 12 ಗಂಟೆ ದುಡಿಸಲು ದಾರಿ ತೆರೆಯಿತು. ಹನ್ನೆರಡಕ್ಕೆ ರೈಲಿನ ನಾಲ್ಕನ್ನು ಕೂಡಿಸಿದರೆ ಉಳಿಯುವುದು ಎಂಟು ಗಂಟೆ. ನಿದ್ದೆ, ಸ್ನಾನ, ಅಡುಗೆ, ಮಗುವಿನ ಪಾಠ, ಎರಡು ಮಾತು ಎಲ್ಲವೂ ಅದರಲ್ಲೇ ಆಗಬೇಕು.

ಗಣಿ ಮುಚ್ಚಿ ಎರಡೂವರೆ ದಶಕ ಕಳೆಯಿತು. ಅಲ್ಲಿನ ಜಮೀನಿನಲ್ಲಿ ಉದ್ಯಮ ತರುವ ಮಾತನ್ನು ಅಧಿಕಾರದಲ್ಲಿದ್ದಾಗ ನಾನೂ ಆಡಿದ್ದೇನೆ, ಕೇಳಿದ್ದೇನೆ. ಎಷ್ಟು ಉದ್ಯೋಗ, ಎಷ್ಟು ತೆರಿಗೆ ಎಂದು ಲೆಕ್ಕ ಹಾಕಿದೆವೇ ಹೊರತು, ಒಂದು ಕುಟುಂಬಕ್ಕೆ ದಿನಕ್ಕೆ ನಾಲ್ಕು ಗಂಟೆ ಮರಳಿ ಸಿಗುತ್ತದೆ ಎಂದು ಯಾವ ಟಿಪ್ಪಣಿಯಲ್ಲೂ ಬರೆಯಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಇನ್ನು ಮುಂದೆ ಬರುವ ಅಧಿಕಾರಿಗಳು ಅದನ್ನು ಬರೆಯಲಿ. ದುಡಿಮೆ ಮನೆಯ ಸಮೀಪಕ್ಕೆ ಬಂದರೆ, ರೈಲಿನಲ್ಲಿ ತೂಕಡಿಸುವ ಆ ಯುವತಿ ಸಂಜೆ ಗಂಡನೊಡನೆ ಬಂಗಾರಪೇಟೆಯ ಪಾನಿಪೂರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಲ್ಲಬಲ್ಲಳು. ಕೊರಿಯಾದ ಧಾರಾವಾಹಿಯನ್ನು ಆಮೇಲೂ ಆಕೆ ನೋಡಲಿ. ಇಬ್ಬರೂ ಕೂಡಿಯೇ ನೋಡಲಿ.